ಐರ್ಲೆಂಡಿನ ಹಳ್ಳಿ ಪಬ್‌ಗಳನ್ನು ಪೊಲೀಸರು ಮುಚ್ಚಿಸಿದರಾ?

ಊರಿಗೆ ಫೋನ್ ಮಾಡಿದಾಗ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. "ಐರ್ಲೆಂಡ್ ಅಂದ್ರೆ ಪಬ್ ಅಲ್ವಾ? ಹಳ್ಳಿಗಳಲ್ಲಿ ಎಲ್ಲಾ ಬಾಗಿಲು ಹಾಕ್ತಿದ್ದಾವಂತೆ. ಕುಡಿದು ಗಾಡಿ ಓಡಿಸೋರನ್ನ ಹಿಡಿಯೋದು ಜಾಸ್ತಿ ಆಯ್ತು, ಅದಕ್ಕಾ?"

ನಾನಿರುವುದು ಪಶ್ಚಿಮದ ಮೇಯೋ ಕೌಂಟಿಯ ಒಂದು ಹಳ್ಳಿಯಲ್ಲಿ. ನಾನು ಕುಡಿಯುವುದಿಲ್ಲ, ಆದರೆ ಪಬ್‌ಗೆ ಹೋಗುತ್ತೇನೆ. ಪಬ್ ಅಂದರೆ ನಮ್ಮ ಕಡೆಯ ಬಾರ್ ತರಹ ಅಂದುಕೊಳ್ಳಬೇಡಿ, ಅದು ಇಲ್ಲಿನವರ ಅರಳಿಕಟ್ಟೆ. ಕರುವಿನ ರೇಟು, ಯಾರ ಮಗಳ ಮದುವೆ, ಯಾರು ತೀರಿಕೊಂಡರು, ಭಾನುವಾರದ ಮ್ಯಾಚಿನಲ್ಲಿ ಯಾರು ಆಡುತ್ತಾರೆ, ಎಲ್ಲ ಸುದ್ದಿಯೂ ಅಲ್ಲೇ ಸಿಗುತ್ತದೆ. ಕೆಲವು ಊರುಗಳಲ್ಲಿ ಮುಂದುಗಡೆ ದಿನಸಿ ಅಂಗಡಿ, ಹಿಂದುಗಡೆ ಪಬ್. ಊರಿನ ಶವಸಂಸ್ಕಾರದ ವ್ಯವಸ್ಥೆಯನ್ನೂ ಅದೇ ಮನೆಯವರು ನೋಡಿಕೊಳ್ಳುವುದುಂಟು. ಇಡೀ ದೇಶ ಸೇರಿ, 2005ರಿಂದ ಈಚೆಗೆ 2,000ಕ್ಕೂ ಹೆಚ್ಚು ಪಬ್‌ಗಳು ಮುಚ್ಚಿವೆ.

ಕಾನೂನು ಬಿಗಿಯಾಗಿದ್ದು ನಿಜ. 1968ರ ಕಾನೂನಿನಲ್ಲಿ 100 ಮಿಲಿ ರಕ್ತಕ್ಕೆ 125 ಮಿಲಿಗ್ರಾಂ ಆಲ್ಕೋಹಾಲ್ ತನಕ ಬಿಡುತ್ತಿದ್ದರು. ಅದು 100 ಆಯಿತು, ಆಮೇಲೆ 80, 2011ರಲ್ಲಿ 50. 2006ರಿಂದ ಗಾರ್ಡಾ, ಅಂದರೆ ಇಲ್ಲಿನ ಪೊಲೀಸರು, ಅನುಮಾನ ಇಲ್ಲದಿದ್ದರೂ ರಸ್ತೆಯಲ್ಲಿ ನಿಲ್ಲಿಸಿ ಊದಿಸಬಹುದು. ಮೊದಲ ಸಲ 50ರಿಂದ 80ರ ನಡುವೆ ಸಿಕ್ಕಿಬಿದ್ದರೆ ಬರೀ ದಂಡ ಹಾಕಿ, ಲೈಸೆನ್ಸ್ ಮೇಲೆ ಪೆನಾಲ್ಟಿ ಪಾಯಿಂಟ್ ಬರೆದು ಬಿಡುತ್ತಿದ್ದರು, 2018ರ ಅಕ್ಟೋಬರ್‌ನಿಂದ ನೇರ ಮೂರು ತಿಂಗಳು ಗಾಡಿ ಓಡಿಸುವ ಹಾಗಿಲ್ಲ. "ಅಯ್ಯೋ, ತುಂಬಾ ಸ್ಟ್ರಿಕ್ಟ್" ಅನ್ನುತ್ತಾರೆ ನಮ್ಮವರು. ನಮ್ಮ ದೇಶದ ಮಿತಿ ಬರೀ 30 ಅಂತ ಹೇಳಿದರೆ ನಂಬುವುದೇ ಇಲ್ಲ.

1972ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 640 ಜನ ಸತ್ತರು. 2018ರಲ್ಲಿ, ಕಾರುಗಳು ಎಷ್ಟೋ ಪಟ್ಟು ಹೆಚ್ಚಾದ ಮೇಲೂ, ಸತ್ತವರು ಸುಮಾರು 140. ಸೀಟ್ ಬೆಲ್ಟ್, ಒಳ್ಳೆ ರಸ್ತೆಗಳ ಪಾಲೂ ಇದರಲ್ಲಿ ಇದೆ. ಆದರೆ ಜನರ ಮನಸ್ಸು ಬದಲಾಗಿದ್ದನ್ನು ನಾನೇ ನೋಡುತ್ತಿದ್ದೇನೆ. ಇಲ್ಲಿನ ಹುಡುಗರು ಯಾರು ಕುಡಿಯುವುದಿಲ್ಲ, ಯಾರು ಓಡಿಸುತ್ತಾರೆ ಅಂತ ಮನೆಯಿಂದ ಹೊರಡುವ ಮೊದಲೇ ಮಾತಾಡಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆಯ ಲೆಕ್ಕವನ್ನೂ ಹಾಕುತ್ತಾರೆ. ಒಂದು ಪಿಂಟ್, ಅಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಬಿಯರ್, ಇಳಿಯುವುದಕ್ಕೆ ಸುಮಾರು ಎರಡು ಗಂಟೆ ಬೇಕು, ಹಾಗಾಗಿ ರಾತ್ರಿ ಐದು ಪಿಂಟ್ ಕುಡಿದವನು ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ಶಾಲೆಗೆ ಬಿಡಲು ಹೋದರೂ ಸಿಕ್ಕಿಬೀಳಬಹುದು.

ಪಬ್ ಮುಚ್ಚುವುದಕ್ಕೆ ಬೇರೆ ಕಾರಣಗಳೂ ಇವೆ. ಸೂಪರ್‌ಮಾರ್ಕೆಟ್‌ನಲ್ಲಿ ಬಿಯರ್ ಕ್ಯಾನ್ ಅಗ್ಗ. 2008ರ ನಂತರ ಕೆಲಸ ಇಲ್ಲದೆ ಹುಡುಗರು ದೇಶ ಬಿಟ್ಟರು. ಕೋವಿಡ್ ಬಂತು. ಅಪ್ಪನ ಪಬ್ ನಡೆಸುವುದಕ್ಕೆ ಮಕ್ಕಳಿಗೆ ಮನಸ್ಸಿಲ್ಲ.

ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. 2013ರಲ್ಲಿ ಕೆರ್ರಿ ಕೌಂಟಿಯ ಕೌನ್ಸಿಲ್‌ನಲ್ಲಿ ಡ್ಯಾನಿ ಹೀಲಿ-ರೇ ಅನ್ನುವ ಸದಸ್ಯರು, ಅವರದ್ದೂ ಪಬ್ ಇತ್ತು, ಒಂದು ಗೊತ್ತುವಳಿ ತಂದರು. ದೂರದ ಹಳ್ಳಿಯವರು ಎರಡು ಮೂರು ಲೋಟ ಕುಡಿದು ಮೆಲ್ಲಗೆ ಓಡಿಸಿಕೊಂಡು ಮನೆಗೆ ಹೋಗಲು ಪರ್ಮಿಟ್ ಕೊಡಿ ಅಂತ. 5–3 ಮತಗಳಿಂದ ಅದು ಪಾಸೂ ಆಯಿತು. ಸರ್ಕಾರ ಒಪ್ಪಲಿಲ್ಲ, ಒಪ್ಪಬಾರದಿತ್ತು ಕೂಡ. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಆ ಪರ್ಮಿಟ್ ತೋರಿಸಲು ಆಗುತ್ತದಾ? ಆದರೆ ಹಳ್ಳಿಯ ವಯಸ್ಸಾದವರು ಮನೆಯಲ್ಲೇ ಒಂಟಿಯಾಗಿಬಿಟ್ಟಿದ್ದಾರೆ ಅಂತ ಹೀಲಿ-ರೇ ಹೇಳಿದ್ದು ಸುಳ್ಳಲ್ಲ.

ನಮ್ಮ ಪಕ್ಕದ ಮನೆಯ ಯಜಮಾನರಿಗೆ 78. ಹೆಂಡತಿ ಇಲ್ಲ. ಕುರಿ, ನಾಯಿ, ಟಿವಿ, ಅಷ್ಟೇ. ಮೊದಲೆಲ್ಲ ವಾರಕ್ಕೆ ಮೂರು ಸಲ ಪಬ್‌ಗೆ ಹೋಗುತ್ತಿದ್ದರಂತೆ. "ಆಗ ನಾವು ಮಾಡಿದ್ದು ತಪ್ಪು. ಯಾರನ್ನೂ ಕೊಲ್ಲಲಿಲ್ಲ ಅನ್ನೋದು ಬರೀ ಅದೃಷ್ಟ," ಅಂತ ಅವರೇ ಒಮ್ಮೆ ಹೇಳಿದರು. ಈಗ ಅವರು ಕುಡಿದರೆ ಕಾರು ಮುಟ್ಟುವುದಿಲ್ಲ. ಟ್ಯಾಕ್ಸಿ 15 ಕಿಲೋಮೀಟರ್ ದೂರದ ಪೇಟೆಯಿಂದ ಬರಬೇಕು, ರಾತ್ರಿ ಎಷ್ಟೋ ಸಲ ಬರುವುದೇ ಇಲ್ಲ.

ಅವರ ಕೈಯಿಂದ ಕಾರಿನ ಕೀಲಿ ಬಿಡಿಸಿದ್ದು ಸರಿ, ಆದರೆ ಅದರ ಬದಲಿಗೆ ಒಂದು ಬಸ್ಸು ಕೊಡಲಿಲ್ಲವಲ್ಲ, ತಪ್ಪಾಗಿದ್ದು ಅಲ್ಲಿ. 2018ರಲ್ಲಿ 'ಲೋಕಲ್ ಲಿಂಕ್' ಅಂತ ಕೆಲವು ಹಳ್ಳಿ ದಾರಿಗಳಲ್ಲಿ ಸಂಜೆ ಬಸ್ ಶುರು ಮಾಡಿದರು. ಒಳ್ಳೆ ಕೆಲಸ. ನಮ್ಮ ದಾರಿಗೆ ಬಂದಿಲ್ಲ. ಐವತ್ತು ವರ್ಷದಲ್ಲಿ ಮಿತಿ ನಾಲ್ಕು ಸಲ ಬರೆದವರಿಗೆ ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಒಂದು ಮಿನಿಬಸ್ ಬಿಡುವುದು ಅಷ್ಟು ಕಷ್ಟವಾ?

ಅಲ್ಲಿಯವರೆಗೆ ಶುಕ್ರವಾರ ನಾನೇ ಹೋಗುತ್ತೇನೆ. ಎಂಟು ಗಂಟೆಗೆ ಅವರು ಟೋಪಿ ಹಾಕಿಕೊಂಡು ಗೇಟಿನ ಹತ್ತಿರ ರೆಡಿಯಾಗಿ ನಿಂತಿರುತ್ತಾರೆ. ಅವರಿಗೆ ಎರಡು ಪಿಂಟ್, ನನಗೆ ಒಂದು ಪಾಟ್ ಟೀ. ಮಾತಾಡುವುದು ಜಾಸ್ತಿ, ಕುಡಿಯುವುದು ಕಮ್ಮಿ. ವಾಪಸ್ ಬರುವಾಗ ಪ್ರತಿ ಸಲವೂ ಪೆಟ್ರೋಲಿಗೆ ಅಂತ ಐದು ಯೂರೋ ಕೊಡಲು ಬರುತ್ತಾರೆ, ನಾನು ಬೇಡ ಅನ್ನುತ್ತೇನೆ, ಮರುದಿನ ಬಾಗಿಲಲ್ಲಿ ಅರ್ಧ ಡಜನ್ ಮೊಟ್ಟೆ ಇರುತ್ತದೆ.