ಪಾಂಪೇ, ವೆಸೂವಿಯಸ್, ಆಮೇಲೆ ಒಂದು ಲೋಟ ವೈನ್

ಇಟಲಿಯ ನೇಪಲ್ಸ್‌ನಲ್ಲಿ ಟೂರ್ ಮಾರುವ ಯಾರನ್ನೇ ಕೇಳಿ, ಒಂದು ಪ್ಯಾಕೇಜ್ ಇದ್ದೇ ಇರುತ್ತದೆ. ಬೆಳಿಗ್ಗೆ ಪಾಂಪೇ, ಆಮೇಲೆ ವೆಸೂವಿಯಸ್ ಹತ್ತುವುದು, ಕೊನೆಗೆ ತಪ್ಪಲಿನ ದ್ರಾಕ್ಷಿ ತೋಟದಲ್ಲಿ ಊಟ ಮತ್ತು ವೈನ್. ಹಾಳೂರು, ಬೆಟ್ಟ, ಮದ್ಯ. ಕೇಳಿದರೆ ಯಾರೋ ಕೂತು ಮೂರು ಬೇರೆ ಬೇರೆ ಟಿಕೆಟ್ಟನ್ನು ಗಂಟು ಹಾಕಿದಂತೆ ಅನ್ನಿಸುತ್ತದೆ, ಅಲ್ವಾ? ಆದರೆ ಈ ಗಂಟು ಹಾಕಿದ್ದು ಆ ಬೆಟ್ಟವೇ, ಕ್ರಿ.ಶ. 79ರಲ್ಲಿ ಸಿಡಿದು ಪಾಂಪೇಯನ್ನು ಬೂದಿಯಲ್ಲಿ ಹೂತ ಜ್ವಾಲಾಮುಖಿ. ಎರಡು ಸಾವಿರ ವರ್ಷದ ಹಿಂದೆ ಪಾಂಪೇ ವೈನ್ ಊರು. ವೆಸೂವಿಯಸ್ ಅವರಿಗೆ ದ್ರಾಕ್ಷಿ ಬೆಳೆಯುವ ಗುಡ್ಡ, ಅಷ್ಟೇ.

ಅಕ್ಟೋಬರ್ ತಿಂಗಳು. ಜರ್ಮನಿಯಲ್ಲಿರುವ ಅಕ್ಕ, ಭಾವನ ಜೊತೆ ನಾನೂ ಹೊರಟಿದ್ದೆ. ಭಾವ ಮಾಂಸ ಮುಟ್ಟುವವರಲ್ಲ, ಮದ್ಯ ಮೊದಲೇ ಇಲ್ಲ. "ನಾನು ಬರೋದು ಕಲ್ಲು ನೋಡೋಕೆ. ನೀವಿಬ್ಬರು ಏನಾದರೂ ಕುಡ್ಕೊಳ್ಳಿ" ಅಂತ ಮೊದಲೇ ಹೇಳಿಬಿಟ್ಟಿದ್ದರು. ಮಿನಿಬಸ್ಸಿನಲ್ಲಿ ನಮ್ಮ ಜೊತೆ ಬೇರೆ ಬೇರೆ ದೇಶದ ಹತ್ತಾರು ಜನ. ಗೈಡ್ ನೇಪಲ್ಸ್‌ನ ಹೆಂಗಸು, ಪುರಾತತ್ವ ಓದಿದಾಕೆ. ಗಟ್ಟಿ ದನಿ, ಬೇಗ ಬೇಗ ನಡಿಗೆ.

ಪಾಂಪೇ ದೊಡ್ಡದು. ಗೋಡೆಯೊಳಗಿನ ಜಾಗವೇ ಸುಮಾರು 66 ಹೆಕ್ಟೇರ್. ಅಗೆತ ಶುರುವಾಗಿದ್ದು 1748ರಲ್ಲಿ. ಇವತ್ತಿಗೂ ಸುಮಾರು ಮೂರನೇ ಒಂದು ಭಾಗ ಮಣ್ಣಿನಡಿಯೇ ಇದೆ. ಎರಡೂವರೆ ಗಂಟೆಯಲ್ಲಿ ಎಲ್ಲ ನೋಡುತ್ತೇವೆ ಅನ್ನುವುದು ಸುಳ್ಳು. ಗೈಡ್ ಮಾತ್ರ ಜಾಣೆ. ಎಲ್ಲವನ್ನೂ ತೋರಿಸುವ ಗೋಜಿಗೇ ಹೋಗಲಿಲ್ಲ. ಕಡಲ ಬಾಗಿಲಿನ ಏರು ಹತ್ತಿಸಿ ಸೀದಾ ಫೋರಂಗೆ, ಅಂದರೆ ಊರಿನ ಮುಖ್ಯ ಚೌಕಕ್ಕೆ, ಕರೆದುಕೊಂಡು ಹೋಗಿ ನಿಲ್ಲಿಸಿದರು. ಎದುರಿಗೆ ಜ್ಯೂಪಿಟರ್ ಗುಡಿಯ ಮುರಿದ ಕಂಬಗಳು. ಅದರ ಹಿಂದೆ ಸರಿಯಾಗಿ ವೆಸೂವಿಯಸ್.

ಆಕೆ ಚೀಲದಿಂದ ಒಂದು ಚಿತ್ರ ತೆಗೆದರು. ಪಾಂಪೇಯ ಒಂದು ಮನೆಯ ಗೋಡೆಯ ಮೇಲಿದ್ದ ಚಿತ್ರದ ಪ್ರತಿ. ಮೂಲ ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ. ವೈನ್ ದೇವರು ಬಾಕಸ್ ನಿಂತಿದ್ದಾನೆ, ಮೈ ತುಂಬ ದ್ರಾಕ್ಷಿ ಗೊಂಚಲು. ಪಕ್ಕದಲ್ಲಿ ಚೂಪಾದ ಒಂದು ಬೆಟ್ಟ, ಅದರ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿಗಳು. ಅದು ವೆಸೂವಿಯಸ್ಸೇ ಅಂತ ಹೆಚ್ಚಿನವರು ಒಪ್ಪುತ್ತಾರೆ. ಹೊಗೆ ಇಲ್ಲ, ಬೆಂಕಿ ಇಲ್ಲ. ಆ ಬೆಟ್ಟ ಎದ್ದಿದ್ದನ್ನು ನೋಡಿದವರು ತಲೆಮಾರುಗಳಿಂದ ಯಾರೂ ಇರಲಿಲ್ಲ. ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳಜ್ಞ ಮಾತ್ರ, ತುದಿಯ ಕಲ್ಲುಗಳು ಸುಟ್ಟಂತಿವೆ, ಇಲ್ಲಿ ಹಿಂದೆ ಬೆಂಕಿ ಇದ್ದಿರಬೇಕು ಎಂದು ಬರೆದಿಟ್ಟಿದ್ದ. ಕ್ರಿ.ಶ. 62ರಲ್ಲಿ ದೊಡ್ಡ ಭೂಕಂಪವೂ ಆಗಿತ್ತು. ಊರಿನವರು ಬಿದ್ದ ಗೋಡೆ ಕಟ್ಟುತ್ತಾ ಕೂತರು. 79ರಲ್ಲಿ ಬೆಟ್ಟ ಸಿಡಿದಾಗ ಎಷ್ಟೋ ಕಡೆ ಆ ರಿಪೇರಿಯೇ ಮುಗಿದಿರಲಿಲ್ಲ.

ಬೀದಿಗಳಲ್ಲಿ ನಡೆಯುವುದೇ ಖುಷಿ. ಕಲ್ಲು ಹಾಸಿನಲ್ಲಿ ಗಾಡಿ ಚಕ್ರ ಕೊರೆದ ಗೆರೆಗಳು. ರಸ್ತೆ ದಾಟಲು ಎತ್ತರದ ಕಲ್ಲುಗಳು. ಮಳೆ ನೀರು, ಕೊಚ್ಚೆ ಎಲ್ಲ ಕೆಳಗೆ ಹರಿದು ಹೋಗಬೇಕು, ಜನ ಮೇಲೆ ಕಾಲಿಟ್ಟು ದಾಟಬೇಕು, ಗಾಡಿಯ ಚಕ್ರ ಕಲ್ಲುಗಳ ನಡುವೆ ತೂರಬೇಕು. ಮೂರಕ್ಕೂ ಒಂದೇ ಉಪಾಯ. ಭಾವ ಎಂಜಿನಿಯರ್. ಅಲ್ಲೇ ನಿಂತು ಚಕ್ರದ ಅಗಲ ಅಳೆಯೋಕೆ ಶುರು ಮಾಡಿದರು. "ರೀ, ಬನ್ರೀ" ಅಂತ ಅಕ್ಕ ಎಳೆದುಕೊಂಡು ಬರಬೇಕಾಯಿತು.

ಮೂಲೆ ಮೂಲೆಗೂ ಹೋಟೆಲ್ಲುಗಳು. ಕಟ್ಟೆಯೊಳಗೆ ದೊಡ್ಡ ಮಣ್ಣಿನ ಹರವಿಗಳನ್ನು ಹೂತು ಬಾಯಿ ಮಾತ್ರ ಮೇಲೆ ಬಿಟ್ಟಿದ್ದಾರೆ. ಬೀದಿಯಲ್ಲಿ ಹೋಗುವವರು ನಿಂತಲ್ಲೇ ತಿಂದು ಕುಡಿದು ಹೋಗುತ್ತಿದ್ದರು. ಒಂದು ಹೆಂಡದಂಗಡಿಯ ಗೋಡೆಯಲ್ಲಿ ಬೆಲೆಪಟ್ಟಿಯೇ ಸಿಕ್ಕಿದೆ. ಒಂದು ಕಾಸಿಗೆ ಸಾದಾ ವೈನ್, ಎರಡು ಕೊಟ್ಟರೆ ಇನ್ನೂ ಒಳ್ಳೆಯದು, ನಾಲ್ಕು ಕೊಟ್ಟರೆ ಫಲೆರ್ನಿಯನ್. ಆ ಕಾಲದ ರೋಮನ್ನರ ಬಾಯಲ್ಲಿ ನೀರೂರಿಸುತ್ತಿದ್ದ ವೈನ್ ಅದು, ಬರುತ್ತಿದ್ದುದು ನೇಪಲ್ಸ್ ಇರುವ ಕಂಪಾನಿಯಾ ಪ್ರಾಂತ್ಯದ ಉತ್ತರ ಭಾಗದಿಂದ. ಪಾಂಪೇಯ ಸ್ವಂತ ವೈನ್‌ಗೆ ಅಷ್ಟು ಒಳ್ಳೆಯ ಹೆಸರಿರಲಿಲ್ಲ. ಅದನ್ನು ಕುಡಿದರೆ ಮಾರನೇ ದಿನ ನಡುಮಧ್ಯಾಹ್ನದವರೆಗೂ ತಲೆನೋವು ಬಿಡಲ್ಲ ಅಂತ ರೋಮನ್ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ. ಬೆಟ್ಟ ಸಿಡಿದಾಗ ಹಡಗು ತೆಗೆದುಕೊಂಡು ಜನರನ್ನು ಉಳಿಸಲು ಹೋಗಿ, ಸ್ಟಾಬಿಯೆ ದಡದಲ್ಲಿ ಸತ್ತವನೂ ಅವನೇ. ಅವನ ಸೋದರಳಿಯ, ಕಿರಿಯ ಪ್ಲಿನಿ, ಕೊಲ್ಲಿಯ ಆಚೆಯ ಮಿಸೇನಮ್‌ನಿಂದ ಎಲ್ಲ ನೋಡಿದ. ಆಮೇಲೆ ಇತಿಹಾಸಕಾರ ಟ್ಯಾಸಿಟಸ್‌ಗೆ ಎರಡು ಪತ್ರ ಬರೆದ. ಆ ದಿನದ ಬಗ್ಗೆ ಕಣ್ಣಾರೆ ಕಂಡವರು ಬರೆದದ್ದು ಅಂತ ನಮಗೆ ಉಳಿದಿರುವುದು ಅವೇ.

ಊರಿನ ದಕ್ಷಿಣ ಅಂಚಿನಲ್ಲಿ ಒಂದು ತೋಟವಿದೆ. ಅಲ್ಲಿ ಹದಿಮೂರು ಜನರ ಅಚ್ಚುಗಳಿವೆ, ಮಕ್ಕಳೂ ಸೇರಿ. ಮೊದಲ ದಿನ ಹಗುರ ಪ್ಯೂಮಿಸ್ ಕಲ್ಲು ಮಳೆಯಂತೆ ಗಂಟೆಗಟ್ಟಲೆ ಸುರಿಯಿತು. ಭಾರಕ್ಕೆ ಮಾಡುಗಳು ಕುಸಿದವು. ಮಾರನೇ ಬೆಳಿಗ್ಗೆ ಬಿಸಿ ಬೂದಿ, ಅನಿಲದ ಪ್ರವಾಹ ನುಗ್ಗಿತು. ಈ ಹದಿಮೂರು ಜನ ಅದಕ್ಕೆ ಸಿಕ್ಕವರು. ಬೂದಿ ಗಟ್ಟಿಯಾಯಿತು, ದೇಹ ಕರಗಿ ಹೋಯಿತು, ಒಳಗೆ ಟೊಳ್ಳು ಉಳಿಯಿತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಆ ಟೊಳ್ಳಿಗೆ ಪ್ಲಾಸ್ಟರ್ ಸುರಿಯುವ ಉಪಾಯ ಕಂಡುಕೊಂಡರು. ಫೋಟೋದಲ್ಲಿ ಎಷ್ಟೋ ಸಲ ನೋಡಿರುತ್ತೇವೆ. ಎದುರಿಗೆ ನಿಂತರೆ ಬೇರೆಯೇ. ಒಬ್ಬ ಮೊಣಕೈ ಊರಿ ಏಳೋಕೆ ನೋಡುತ್ತಿದ್ದಾನೆ. ಸುತ್ತ ಸೆಲ್ಫಿ ನಡೆದಿತ್ತು. ನನಗೆ ಸರಿ ಕಾಣಲಿಲ್ಲ.

ಈ ತೋಟವೂ ಆಗ ದ್ರಾಕ್ಷಿ ತೋಟ. ಆಂಫಿಥಿಯೇಟರ್ ಹತ್ತಿರದ ಇನ್ನೊಂದು ದೊಡ್ಡ ಜಾಗದಲ್ಲಿ ಅಮೆರಿಕದ ವಿಲ್ಹೆಲ್ಮಿನಾ ಜಶೆಮ್‌ಸ್ಕಿ ಎಂಬ ವಿದ್ವಾಂಸೆ ಕಳೆದ ಶತಮಾನದಲ್ಲಿ ಅಗೆದರು. ಅಲ್ಲಿ ಬೇರು ಕೊಳೆತು ಉಳಿದ ಟೊಳ್ಳುಗಳು ಸಾಲು ಸಾಲಾಗಿ ಸಿಕ್ಕವು, ಎರಡು ಸಾವಿರಕ್ಕೂ ಜಾಸ್ತಿ. ಅವನ್ನೂ ತುಂಬಿಸಿ ಅಚ್ಚು ತೆಗೆದರು. ಮನುಷ್ಯರಿಗೆ ಮಾಡಿದ್ದನ್ನೇ ಬಳ್ಳಿಗೂ ಮಾಡಿದರು. ಎಲ್ಲಿ ಬಳ್ಳಿ ಇತ್ತು, ಎಲ್ಲಿ ಊರೆಗೋಲು ಇತ್ತು, ಎಲ್ಲ ಗೊತ್ತಾಯಿತು. 1990ರ ದಶಕದಿಂದ ಅದೇ ಜಾಗಗಳಲ್ಲಿ ಕಂಪಾನಿಯಾದ ಮಾಸ್ತ್ರೊಬೆರಾರ್ದಿನೊ ಎಂಬ ವೈನ್ ಮನೆತನ ಹಳೆಯ ಸಾಲಿನ ಮೇಲೆ ಹೊಸ ಬಳ್ಳಿ ನೆಟ್ಟು ಬೆಳೆಸಿತು. ಹಾಳೂರಿನೊಳಗೆ ದ್ರಾಕ್ಷಿ ಕೊಯ್ಲು!

ಸಿಡಿದ ದಿನ ಯಾವುದು ಅನ್ನುವ ಜಗಳದಲ್ಲೂ ವೈನ್ ಸಾಕ್ಷಿ ಹೇಳುತ್ತದೆ. ನಾವು ಶಾಲೆಯಲ್ಲಿ ಓದಿದ್ದು ಆಗಸ್ಟ್ 24. ಆದರೆ ಪಾಂಪೇ ಹತ್ತಿರದ ಬೊಸ್ಕೊರಿಯಾಲೆಯ ಒಂದು ತೋಟದ ಮನೆಯಲ್ಲಿ ನೆಲದಲ್ಲಿ ಹೂತ ಹರವಿಗಳು ಮುಚ್ಚಳ ಹಾಕಿ ಭದ್ರ ಮಾಡಿದ ಹಾಗೇ ಸಿಕ್ಕವು. ಅಂದರೆ ಕೊಯ್ಲು ಮುಗಿದು, ರಸ ತುಂಬಿಟ್ಟಾಗಿತ್ತು ಎಂದು ಕೆಲವರ ವಾದ. 2018ರಲ್ಲಿ ಒಂದು ಗೋಡೆಯಲ್ಲಿ ಇದ್ದಿಲಿನಿಂದ ಗೀಚಿದ ತಾರೀಕೂ ಸಿಕ್ಕಿತು, ಅಕ್ಟೋಬರ್ 17. ವರ್ಷ ಬರೆದಿಲ್ಲ. ಆದರೆ ಇದ್ದಿಲ ಬರಹ ಬಹಳ ದಿನ ನಿಲ್ಲಲ್ಲ. ಹಾಗಾಗಿ ಈಗ ಎಷ್ಟೋ ಜನ ಅಕ್ಟೋಬರ್ ಕೊನೆಯ ಕಡೆಗೆ ವಾಲಿದ್ದಾರೆ.

ಪಾಂಪೇ ಮುಗಿಸಿ ವೆಸೂವಿಯಸ್ ಕಡೆ ಹೊರಟೆವು. ಮಿನಿಬಸ್ಸು ತಿರುವು ತಿರುವಾಗಿ ಸಾವಿರ ಮೀಟರ್ ಎತ್ತರದವರೆಗೂ ಹತ್ತುತ್ತದೆ. ಅಲ್ಲಿಂದ ಮೇಲೆ ನಡಿಗೆ. ಅಂಥ ದೊಡ್ಡ ಚಾರಣ ಏನಲ್ಲ, ಜ್ವಾಲಾಮುಖಿಯ ಬಾಯಿಯ ಅಂಚಿಗೆ ಅರ್ಧ ಮುಕ್ಕಾಲು ಗಂಟೆ. ಆದರೆ ದಾರಿ ಪೂರ್ತಿ ಸಡಿಲ ಜಲ್ಲಿ, ಬೂದಿ. ಶೂ ಒಳಗೆ ಕಪ್ಪು ಮರಳು ತುಂಬಿಕೊಳ್ಳುತ್ತದೆ. ಚಪ್ಪಲಿಯಲ್ಲಿ ಬಂದವರ ಪಾಡು ನೋಡೋಕಾಗಲ್ಲ. ಕೆಳಗೆ ಹಳೆಯ ಲಾವಾ ಹರಿವಿನ ಮೇಲೆ ಬೂದು ಬಣ್ಣದ ಕಲ್ಲುಹೂವು ಹಬ್ಬಿದೆ. ಹೆಪ್ಪುಗಟ್ಟಿದ ಲಾವಾ ಮೇಲೆ ಮೊದಲು ಬೇರೂರುವುದು ಅದೇ. ಅದರ ಬೆನ್ನಿಗೆ ಗಿಡ ಮರ.

ಹತ್ತುವಾಗ ಗೈಡ್ ಸ್ಪಾರ್ಟಕಸ್ ಕಥೆ ಹೇಳಿದರು. ಕ್ರಿ.ಪೂ. 73ರಲ್ಲಿ ಕಾಪುವಾದ ಗ್ಲಾಡಿಯೇಟರ್ ಶಾಲೆಯಿಂದ ತಪ್ಪಿಸಿಕೊಂಡ ಗುಲಾಮರು ಬಂದು ಅಡಗಿದ್ದು ಇದೇ ಬೆಟ್ಟದಲ್ಲಿ. ರೋಮನ್ ಸೈನ್ಯ ಇದ್ದ ಒಂದೇ ದಾರಿಯನ್ನು ಕಾದು ಕೂತಿತು. ಮೇಲೆ ಕಾಡು ದ್ರಾಕ್ಷಿ ಬಳ್ಳಿ ಬೇಕಾದಷ್ಟು ಬೆಳೆದಿತ್ತಂತೆ. ಗುಲಾಮರು ಅದನ್ನೇ ಹೆಣೆದು ಏಣಿ ಮಾಡಿ, ಕಡಿದಾದ ಕಡೆಯಿಂದ ಇಳಿದು, ಹಿಂದಿನಿಂದ ಬಂದು ಸೈನ್ಯದ ಮೇಲೆ ಬಿದ್ದರು. ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದದ್ದು ಇದು. "ಇಲ್ಲೂ ದ್ರಾಕ್ಷಿನೇನಾ!" ಅಂದರು ಭಾವ, ಏದುಸಿರು ಬಿಡುತ್ತಾ.

ಅಂಚಿಗೆ ಬಂದು ಬಗ್ಗಿದರೆ ದೊಡ್ಡ ಬಾವಿ, ಆಳ ಸುಮಾರು 300 ಮೀಟರ್. ಕೆಂಪು, ಬೂದು, ಹಳದಿ ಪದರಗಳು. ಗೋಡೆಯ ಒಂದೆರಡು ಕಡೆ ತೆಳ್ಳಗೆ ಹಬೆ. ಕುದಿಯುವ ಲಾವಾ ಕಾಣುತ್ತದೆ ಅಂತ ಬಂದವರಿಗೆ ಸ್ವಲ್ಪ ಬೇಸರ ಆಗಬಹುದು. ಕೊನೆಯ ಸಲ ಇದು ಉಗುಳಿದ್ದು 1944ರ ಮಾರ್ಚ್‌ನಲ್ಲಿ, ಯುದ್ಧದ ನಡುವೆ. ಸಾನ್ ಸೆಬಾಸ್ತಿಯಾನೊ ಎಂಬ ಊರಿನೊಳಕ್ಕೆ ಲಾವಾ ನುಗ್ಗಿತು. ಹತ್ತಿರದ ಟೆರ್ಜಿನೊದಲ್ಲಿ ನಿಂತಿದ್ದ ಅಮೆರಿಕದ ಎಂಬತ್ತರಷ್ಟು ಬಾಂಬರ್ ವಿಮಾನಗಳು ಬೂದಿ ಬಿದ್ದು ಹಾಳಾದವು.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಬಾಯಿಯಲ್ಲ, ಬೆನ್ನ ಹಿಂದಿನ ನೋಟ. ಕೊಲ್ಲಿಯ ಸುತ್ತ ಬಿಳಿ ಬಿಳಿ ಮನೆಗಳು, ಬೆಟ್ಟದ ಸೊಂಟದವರೆಗೂ ಹತ್ತಿ ಬಂದಿವೆ. ಕೆಂಪು ವಲಯ ಅಂತ ಗುರುತಿಸಿದ ಜಾಗದಲ್ಲೇ ಸುಮಾರು ಏಳು ಲಕ್ಷ ಜನ. ಎಚ್ಚರಿಕೆ ಬಂದರೆ 72 ಗಂಟೆಯಲ್ಲಿ ಅಷ್ಟೂ ಜನರನ್ನು ಸಾಗಿಸುವ ಯೋಜನೆ ಸರ್ಕಾರದ ಬಳಿ ಇದೆ. ಪ್ರಪಂಚದ ಮೊದಲ ಜ್ವಾಲಾಮುಖಿ ವೀಕ್ಷಣಾಲಯ ಇಲ್ಲೇ, 1841ರಲ್ಲಿ ಶುರುವಾಗಿದ್ದು. ಈಗ ಹಗಲೂ ರಾತ್ರಿ ಉಪಕರಣಗಳು ಬೆಟ್ಟದ ನಾಡಿ ನೋಡುತ್ತಿವೆ. "ನಿಮಗೆ ಹೆದರಿಕೆ ಆಗಲ್ವಾ?" ಅಂತ ಅಕ್ಕ ಗೈಡನ್ನು ಕೇಳಿದರು. "ನಮ್ಮಜ್ಜಿ 44ರಲ್ಲಿ ಮಾಡಿನ ಮೇಲಿನ ಬೂದಿ ಗುಡಿಸಿದ್ದರು. ಇಲ್ಲಿ ಟ್ರಾಫಿಕ್ ಅದಕ್ಕಿಂತ ಅಪಾಯ" ಅಂತ ನಕ್ಕರು ಆಕೆ. ಬಸ್ಸು ಇಳಿಯುವಾಗ ಆ ಮಾತು ನಿಜ ಅನ್ನಿಸಿತು.

ದ್ರಾಕ್ಷಿ ತೋಟ ಬೆಟ್ಟದ ದಕ್ಷಿಣ ಮಗ್ಗುಲಲ್ಲಿ, ಸಮುದ್ರದ ಕಡೆ ಮುಖ ಮಾಡಿಕೊಂಡಿದೆ. ಮಣ್ಣು ಅನ್ನೋಕಾಗಲ್ಲ, ಕರಿ ಮರಳು. ಕೊಯ್ಲು ಇನ್ನೂ ನಡೆದಿತ್ತು, ಕೆಂಪು ಗೊಂಚಲುಗಳ ಕ್ರೇಟುಗಳು ದಾರಿಯಲ್ಲೇ ಇದ್ದವು. ತೋಟದ ಯಜಮಾನ ಒಂದು ದಪ್ಪ ಬಳ್ಳಿ ಮುಟ್ಟಿ ತೋರಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಬೇರುಹುಳ ಯುರೋಪಿನ ದ್ರಾಕ್ಷಿಯನ್ನೆಲ್ಲ ತಿಂದು ಹಾಕಿತು. ಆಮೇಲೆ ಎಲ್ಲ ಕಡೆ ಅಮೆರಿಕದ ಬೇರಿಗೆ ಕಸಿ ಕಟ್ಟಿ ಬೆಳೆಸಬೇಕಾಯಿತು. ಆದರೆ ಇಂಥ ಮರಳಲ್ಲಿ ಆ ಹುಳ ಬದುಕಲ್ಲ. ಹಾಗಾಗಿ ಇಲ್ಲಿ ಎಷ್ಟೋ ಬಳ್ಳಿಗಳು ಇವತ್ತಿಗೂ ತಮ್ಮ ಸ್ವಂತ ಬೇರಿನ ಮೇಲೇ ನಿಂತಿವೆ. ಹೊಸ ಗಿಡ ಬೇಕಾದರೆ ಹಳೆಯ ಬಳ್ಳಿಯ ಕುಡಿಯನ್ನೇ ಬಗ್ಗಿಸಿ ಮಣ್ಣಲ್ಲಿ ಹೂಳುತ್ತಾರೆ. ನಮ್ಮೂರ ತೋಟಗಳಲ್ಲಿ ಮಲ್ಲಿಗೆಗೆ ಮಾಡುವಂತೆ. ಊರನ್ನು ಹೂತ ಬೂದಿಯೇ ಬಳ್ಳಿಯನ್ನು ಕಾದಿದೆ.

ಇಲ್ಲಿನ ವೈನ್ ಹೆಸರು ಲಾಕ್ರಿಮಾ ಕ್ರಿಸ್ತಿ, ಕ್ರಿಸ್ತನ ಕಣ್ಣೀರು. ಲೂಸಿಫರ್ ಸ್ವರ್ಗದ ಒಂದು ತುಂಡು ಕದ್ದು ತಂದು ಇಲ್ಲಿ ಬೀಳಿಸಿದನಂತೆ, ಅದನ್ನು ನೋಡಿ ಕ್ರಿಸ್ತ ಅತ್ತನಂತೆ, ಕಣ್ಣೀರು ಬಿದ್ದಲ್ಲಿ ದ್ರಾಕ್ಷಿ ಹುಟ್ಟಿತಂತೆ. ಬಿಳಿ ವೈನ್ ಚುರುಕಾಗಿತ್ತು, ಕೊನೆಗೆ ನಾಲಿಗೆಯಲ್ಲಿ ಉಪ್ಪು ಉಪ್ಪು. ಪಿಯೆದಿರೊಸ್ಸೊ ದ್ರಾಕ್ಷಿಯ ಕೆಂಪು ತೆಳು, ಹುಳಿ ಚೆರ್ರಿಯ ಘಮ. ಜ್ವಾಲಾಮುಖಿಯ ಖನಿಜವೇ ರುಚಿಯಾಗಿ ಬರುತ್ತದೆ ಅಂತ ಯಜಮಾನರು ಹೇಳಿದರು. ಕಲ್ಲಿನ ರುಚಿ ನೇರವಾಗಿ ಲೋಟಕ್ಕೆ ಬರುತ್ತದೆ ಅನ್ನುವುದನ್ನು ಭೂವಿಜ್ಞಾನಿಗಳು ಒಪ್ಪಲ್ಲ. ಸುಮ್ನೆ ತಲೆಯಾಡಿಸಿದೆ. ಊಟದ ಹೊತ್ತಲ್ಲಿ ಯಾಕೆ ವಾದ?

ಊಟದಲ್ಲಿ ಭಾವನೇ ಗೆದ್ದರು. ತಪ್ಪಲಲ್ಲಿ ಬೆಳೆಯುವ ಪಿಯೆನ್ನೊಲೊ ಎಂಬ ಪುಟ್ಟ ಟೊಮೆಟೊ ಇದೆ, ತುದಿ ಚೂಪು, ಸಿಪ್ಪೆ ದಪ್ಪ. ಗೊಂಚಲು ಕಟ್ಟಿ ಸೂರಿಗೆ ನೇತು ಹಾಕಿದರೆ ಚಳಿಗಾಲ ಪೂರ್ತಿ ಕೆಡಲ್ಲ. ಅದನ್ನು ಬ್ರೆಡ್ ಮೇಲೆ ಹಚ್ಚಿ ಕೊಟ್ಟರು, ಸ್ಪಗೆಟ್ಟಿಗೂ ಅದೇ ಸಾರು. ನಾವು ಸಲಾಮಿ ತಟ್ಟೆ ದೂಡಿಕೊಂಡು ಕೂತಾಗ ಭಾವ ಎರಡನೇ ಸಲ ಸ್ಪಗೆಟ್ಟಿ ಹಾಕಿಸಿಕೊಂಡರು. "ಭಾವ, ಒಂದು ಗುಟುಕು?" ಅಂದೆ. "ಪ್ಲಿನಿ ಹೇಳಿದ್ದು ಕೇಳಿಲ್ವಾ? ನಾಳೆ ಮಧ್ಯಾಹ್ನದವರೆಗೂ ತಲೆನೋವು" ಅಂದರು. ನನಗಂತೂ ಬರಲಿಲ್ಲ.

ಈ ಟೂರ್ ಮಾಡುವವರು ಒಂದು ದಿನ ಜಾಸ್ತಿ ಇಟ್ಟುಕೊಂಡು ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂ ನೋಡಲೇಬೇಕು. ಪಾಂಪೇಯ ಒಳ್ಳೊಳ್ಳೆ ಚಿತ್ರ, ಮೊಸಾಯಿಕ್ ಎಲ್ಲ ಇರುವುದು ಅಲ್ಲಿ. ಬಾಕಸ್ ಚಿತ್ರ ನೋಡೋಣ ಅಂತ ಹೋದವರಿಗೆ ಅಲ್ಲಿ ನಮ್ಮ ಕಡೆಯ ಒಂದು ವಸ್ತುವೂ ಸಿಕ್ಕಿತು. ದಂತದಲ್ಲಿ ಕೆತ್ತಿದ ಹೆಣ್ಣಿನ ಮೂರ್ತಿ, ಒಂದು ಗೇಣಿಗಿಂತ ತುಸು ಎತ್ತರ. ಮೈ ತುಂಬ ಒಡವೆ, ಅಕ್ಕಪಕ್ಕ ಇಬ್ಬರು ಪುಟ್ಟ ಸಖಿಯರು. 1938ರಲ್ಲಿ ಪಾಂಪೇಯ ಒಂದು ಮನೆಯಲ್ಲಿ ಸಿಕ್ಕಿದ್ದು. ಮೊದಲು ಲಕ್ಷ್ಮಿ ಅಂದರು, ಈಗ ಯಕ್ಷಿ ಅನ್ನುವವರೇ ಜಾಸ್ತಿ. ಇದನ್ನು ಹೋಲುವ ಮೂರ್ತಿಗಳು ಮಹಾರಾಷ್ಟ್ರದ ತೇರ್, ಭೋಕರ್ದನ್‌ಗಳಲ್ಲಿ ಸಿಕ್ಕಿವೆ. ಆ ಕಡೆಯಿಂದ ಇದು ಬಂತು. ಈ ಕಡೆಯಿಂದ ಹೋದದ್ದು ವೈನ್. ಕೇರಳದ ಪಟ್ಟಣಂ, ಪುದುಚೇರಿ ಹತ್ತಿರದ ಅರಿಕಮೇಡು ಅಗೆತಗಳಲ್ಲಿ ಸಿಕ್ಕ ವೈನ್ ಜಾಡಿಗಳ ಚೂರುಗಳಲ್ಲಿ ಕಂಪಾನಿಯಾದವೂ ಇವೆ. ಗುರುತು ಹಿಡಿಯುವುದು ಹೇಗೆ ಅಂದರೆ, ಜಾಡಿಯ ಮಣ್ಣಿನಲ್ಲಿ ಬೆರೆತ ಜ್ವಾಲಾಮುಖಿಯ ಕರಿ ಮರಳಿನಿಂದ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿರುವುದೂ ಇದೇ ವ್ಯಾಪಾರದ ಕಾಲದ್ದು.

ಆ ಮೂರ್ತಿಯನ್ನು ಇಟ್ಟಿರುವುದು ಗುಪ್ತ ಕೋಣೆ ಎಂದು ಕರೆಯುವ ವಿಭಾಗದಲ್ಲಿ, ಪಾಂಪೇಯ ಶೃಂಗಾರ ಚಿತ್ರಗಳ ನಡುವೆ. ಅತ್ತೆ, ಮಾವ, ಮಕ್ಕಳ ಜೊತೆ ಹೋಗುವವರು ಇದನ್ನು ತಿಳಿದಿರುವುದು ಒಳ್ಳೆಯದು. ಮಂಗಳವಾರ ಮ್ಯೂಸಿಯಂಗೆ ರಜೆ.