ತೋಳಿನ ಬಿಳಿ ಪಟ್ಟಿ

ಆ ದಿನ ನನ್ನ ತೋಳಿಗೆ ಒಂದು ಬಿಳಿ ಪಟ್ಟಿ ಕಟ್ಟಿದ್ದರು. ಧರಣಿ ಕೂತವರಲ್ಲಿ ಯಾರಿಗಾದರೂ ಸಿಟ್ಟು ನೆತ್ತಿಗೇರಿದರೆ ಪಕ್ಕಕ್ಕೆ ಕರೆದುಕೊಂಡು ಹೋಗಿ ಸಮಾಧಾನ ಮಾಡುವುದು ನನ್ನ ಕೆಲಸ. ನಾನು ಮೆದು ಮಾತಿನವನು ಅಂತ ಎಲ್ಲರಿಗೂ ನಂಬಿಕೆ. ನನಗೂ ಇತ್ತು.

ಊರಾಚೆ ವಿಷದ ಕಸ ಹೂಳಲು ಗುಂಡಿ ತೋಡಿದ್ದರು. ಬಣ್ಣದ ಕಾರ್ಖಾನೆಯ ಕೆಸರು, ಹಳೇ ಬ್ಯಾಟರಿಯ ಸೀಸ, ಸುಟ್ಟುಳಿದ ಬೂದಿ, ಇನ್ನೂ ಏನೇನೋ. ಅಡಿಯಲ್ಲಿ ಜೇಡಿಮಣ್ಣು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಸು, ಒಂದು ಹನಿಯೂ ಕೆಳಗೆ ಇಳಿಯಲ್ಲ ಅಂತ ಸಭೆಯಲ್ಲಿ ವಿವರಿಸಿದರು. ಹಾಸು ಎಷ್ಟು ವರ್ಷ ಬರುತ್ತೆ ಅಂತ ಒಬ್ಬರು ಕೇಳಿದರು. ಏನೋ ಒಂದು ಲೆಕ್ಕ ಹೇಳಿದರು. ಸೀಸ ಎಷ್ಟು ವರ್ಷ ಇರುತ್ತೆ ಅಂತ ಹಿಂದಿನಿಂದ ಇನ್ನೊಬ್ಬರು ಕೇಳಿದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಸೀಸ ಕೊಳೆಯಲ್ಲ, ಅಲ್ವಾ.

ಲಾರಿಗೆ ಅಡ್ಡ ಕೂರುವ ಉಪಾಯ ನಮ್ಮದೇನಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ವಾರೆನ್ ಕೌಂಟಿ ಅಂತ ಒಂದು ಬಡ ಹಳ್ಳಿಗಾಡು. ಅಲ್ಲಿನವರಲ್ಲಿ ಕಪ್ಪು ಜನರೇ ಹೆಚ್ಚು. 1978ರಲ್ಲಿ ಆ ರಾಜ್ಯದ ರಸ್ತೆಬದಿಗಳಲ್ಲಿ ಯಾರೋ ಕದ್ದುಮುಚ್ಚಿ ಪಿಸಿಬಿ ಅನ್ನೋ ವಿಷದ ರಾಸಾಯನಿಕ ಬೆರೆತ ಎಣ್ಣೆ ಸುರಿದಿದ್ದರು. ಆ ಮಣ್ಣನ್ನೆಲ್ಲ ಬಾಚಿ ಇವರ ನೆಲದಲ್ಲಿ ಹೂಳಲು ಸರ್ಕಾರ ಹೊರಟಿತು. ಅಲ್ಲಿ ಅಂತರ್ಜಲ ಕೆಲವೇ ಅಡಿ ಕೆಳಗಿತ್ತು. 1982ರಲ್ಲಿ ಜನ ರಸ್ತೆ ಮೇಲೆ ಮಲಗಿದರು. ಆರು ವಾರದಲ್ಲಿ 500ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಲಾರಿಗಳು ನಿಲ್ಲಲಿಲ್ಲ, ಗುಂಡಿ ತುಂಬಿತು. ಆಮೇಲೆ ಅದರೊಳಗೆ ನೀರು ಸೇರಿತು. ಕೊನೆಗೆ ಸರ್ಕಾರವೇ ಆ ಮಣ್ಣನ್ನು ಶುದ್ಧ ಮಾಡಿ ಮುಗಿಸುವಷ್ಟರಲ್ಲಿ 2003 ಬಂದಿತ್ತು. ಈ ಕಥೆಯನ್ನು ನಮ್ಮವರಿಗೆ ಹೇಳಿದಾಗ ಒಬ್ಬಾತ, 'ಅಂದ್ರೆ ಸೋತವರ ದಾರಿ ಹಿಡೀತಿದ್ದೀವಾ?' ಅಂದ. ಒಳ್ಳೇ ಪ್ರಶ್ನೆ. ಬೇರೆ ದಾರಿ ಮಾತ್ರ ಯಾರಿಗೂ ಹೊಳೆಯಲಿಲ್ಲ.

ವಾರವಿಡೀ ತಾಲೀಮು ಮಾಡಿದ್ದೆವು. ಅರ್ಧ ಜನ ಪೊಲೀಸರು, ಅರ್ಧ ಜನ ಕೂತವರು. ಎತ್ತಲು ಬಂದಾಗ ಮೈ ಸಡಿಲ ಬಿಡಬೇಕು. ಬಿಗಿ ಹಿಡಿದರೆ ಇಬ್ಬರಿಗೂ ಪೆಟ್ಟು. ಬೈದರೆ ತಿರುಗಿ ಬೈಯಬಾರದು. ಲಾರಿಯನ್ನು ಮುಟ್ಟಲೇಬಾರದು. ಇಷ್ಟನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವನು ನಾನೇ.

ಧರಣಿಯಲ್ಲಿ ಜಾಸ್ತಿ ಹೊತ್ತು ಏನೂ ಆಗುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಬಿಸಿಲು, ಜೋಮು ಹಿಡಿದ ಕಾಲು, ಮೂರು ಸಲ ಹಾಡಿ ಮುಗಿದ ಹಾಡು. ಮಧ್ಯಾಹ್ನ ಮೊದಲ ಲಾರಿ ಬಂದು ನಿಂತಿತು. ಹಿಂದೆ ಇನ್ನೆರಡು. ಡ್ರೈವರ್ ಹಾರ್ನ್ ಒತ್ತಿದ. ಯಾರೂ ಅಲುಗಾಡಲಿಲ್ಲ. ಆಮೇಲೆ ಅವನು ಎಂಜಿನ್ ಗುರುಗುಟ್ಟಿಸುತ್ತ ಗಾಡಿಯನ್ನು ಒಂದೊಂದೇ ಗೇಣು ಮುಂದೆ ಬಿಡತೊಡಗಿದ. ಸುಮ್ನೆ ಹೆದರಿಸಲು ಇರಬೇಕು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯ ಪಾದಕ್ಕೂ ಚಕ್ರಕ್ಕೂ ಒಂದು ಮೊಳ ಉಳಿದಿತ್ತು.

ನಾನು ಎದ್ದಿದ್ದು ನೆನಪಿಲ್ಲ. ಲಾರಿಯ ಮೂತಿಗೆ ಎರಡೂ ಕೈಯಲ್ಲಿ ಗುದ್ದುತ್ತಿದ್ದೆ, ಬಾಯಲ್ಲಿ ಬರಬಾರದ ಮಾತು. ಪೊಲೀಸರು ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದರು, ಈಗ ಲಾಠಿ ಸರಿಮಾಡಿಕೊಂಡರು. ಒಬ್ಬರು ಫೋನಿನಲ್ಲಿ ನನ್ನನ್ನೇ ಚಿತ್ರೀಕರಿಸುತ್ತಿದ್ದರು. ನನ್ನ ಹಿಂದೆ ನಾಲ್ಕೈದು ಹುಡುಗರೂ ಎದ್ದು ನಿಂತಿದ್ದರು.

'ಬಾರೋ ಇಲ್ಲಿ' ಅಂದರು ಅಜ್ಜಿ. ಕೂತಲ್ಲಿಂದಲೇ. ಹೋದೆ.

'ಆ ಪಟ್ಟಿ ಬಿಚ್ಚು.'

'ಅಜ್ಜಿ, ಅವನು ನಿಮ್ಮ ಕಾಲ ಮೇಲೆ...'

'ನನ್ನ ಕಾಲು ನಾನು ನೋಡ್ಕೋತೀನಿ. ಬಿಚ್ಚು.'

ಬಿಚ್ಚಿ ಕೊಟ್ಟೆ. ಅದನ್ನು ತಮ್ಮ ತೋಳಿಗೆ ಸುತ್ತಿ, ಗಂಟು ಹಾಕಲು ನನ್ನ ಮುಂದೆಯೇ ಚಾಚಿದರು. ನನ್ನ ಕೈ ಇನ್ನೂ ನಡುಗುತ್ತಿತ್ತು. ಗಂಟು ಹಾಕುವಷ್ಟರಲ್ಲಿ ಹುಡುಗರೂ ಒಬ್ಬೊಬ್ಬರಾಗಿ ಕೂತರು. ಡ್ರೈವರ್ ಎಂಜಿನ್ ಆರಿಸಿದ. ಅವನ ಮುಖ ನನಗೆ ಆಗಲೇ ಕಂಡಿದ್ದು. ಇಪ್ಪತ್ತೆರಡು ವರ್ಷವೂ ಆಗಿರಲಿಕ್ಕಿಲ್ಲ. ಬೆವರು ಸುರಿಯುತ್ತಿತ್ತು.

ಸಂಜೆ ಮೂರೂ ಲಾರಿಗಳು ಹಿಂದಕ್ಕೆ ಹೋದವು. ಮರುದಿನ ಮತ್ತೆ ಬರುತ್ತವೆ ಅಂತ ಗೊತ್ತಿತ್ತು, ಬಂದವು ಕೂಡ. ಎಲ್ಲರೂ ಏಳುವಾಗ ಅಜ್ಜಿಗೆ ಕೈ ಕೊಟ್ಟು ಎಬ್ಬಿಸಿದೆ. ಪಟ್ಟಿ ವಾಪಸ್ ಕೊಡುತ್ತಾರೇನೋ ಅಂತ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

'ನಾಳೆ ನನ್ನ ಪಕ್ಕ ಕೂರು' ಅಂದರು.