ಅಜ್ಜಿ ಹತ್ರ ಪರ್ಮಿಟ್ ಇತ್ತಾ?

ಹೋದ ಶನಿವಾರ ಇಲ್ಲಿ ಇಂಗ್ಲೆಂಡಿನಲ್ಲಿ ಅಪರೂಪಕ್ಕೆ ಚೆನ್ನಾಗಿ ಬಿಸಿಲು ಬಿದ್ದಿತ್ತು. ನನ್ನ ಎಂಟು ವರ್ಷದ ಮಗಳು ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ಪುಟ್ಟ ಟೇಬಲ್ ಹಾಕಿಕೊಂಡು ನಿಂಬೆ ಪಾನಕ ಮಾರಲು ನಿಂತಳು. ಲೋಟಕ್ಕೆ 50 ಪೆನ್ಸ್. ಮೊದಲ ಗಿರಾಕಿ ಪಕ್ಕದ ಮನೆ ತಾತ. ಮೂವತ್ತು ವರ್ಷ ಬೀದಿಯಲ್ಲಿ ತರಕಾರಿ ಮಾರಿದ ಇಂಗ್ಲಿಷ್ ಮನುಷ್ಯ. ಎರಡು ಲೋಟ ಕುಡಿದು ಮೀಸೆ ಒರೆಸಿಕೊಂಡು, "ಎಲ್ಲಮ್ಮಾ ನಿನ್ನ ಪರ್ಮಿಟ್?" ಅಂದ.

ಅವನು ಅಂದದ್ದು ತಮಾಷೆಗೆ. ಇವಳು ನಂಬಿಬಿಟ್ಟಳು. ಜಗ್ಗು, ಲೋಟ, ಟೇಬಲ್ ಎಲ್ಲ ಐದೇ ನಿಮಿಷದಲ್ಲಿ ಮನೆಯೊಳಗೆ.

"ಮಕ್ಕಳನ್ನ ಯಾರೂ ಕೇಳಲ್ಲ ಪುಟ್ಟಿ" ಅನ್ನಲು ಹೊರಟವನು ಸುಮ್ಮನಾದೆ. 2017ರಲ್ಲಿ ಪೂರ್ವ ಲಂಡನ್ನಿನಲ್ಲಿ ಐದು ವರ್ಷದ ಹುಡುಗಿ ಹೀಗೇ ಪಾನಕ ಮಾರುತ್ತಿದ್ದಾಗ 150 ಪೌಂಡ್ ದಂಡ ಬರೆದುಕೊಟ್ಟಿದ್ದರು. ಪೇಪರಿನಲ್ಲೆಲ್ಲ ಬಂದ ಮೇಲೆ ರದ್ದು ಮಾಡಿ ಕ್ಷಮೆ ಕೇಳಿದರು ಅನ್ನಿ.

ರಾತ್ರಿ ಕುತೂಹಲಕ್ಕೆ ನಮ್ಮ ಕೌನ್ಸಿಲ್‌ನ, ಅಂದರೆ ಇಲ್ಲಿನ ನಗರಸಭೆಯ, ಬೀದಿ ವ್ಯಾಪಾರದ ಅರ್ಜಿ ತೆರೆದು ನೋಡಿದೆ. ನಿಲ್ಲುವ ಜಾಗದ ನಕ್ಷೆ ಬೇಕು, ಗಾಡಿಯ ಫೋಟೋ ಬೇಕು. ತಿನ್ನುವ ಕುಡಿಯುವ ವಸ್ತುವಾದರೆ 28 ದಿನ ಮೊದಲೇ ನೋಂದಣಿ ಆಗಬೇಕು. ಮೇಲೆ 50 ಲಕ್ಷ ಪೌಂಡಿನ ವಿಮೆ. ನಿಂಬೆಹಣ್ಣಿನ ಪಾನಕಕ್ಕೆ! ನಾನೂ ಹೆಂಡತಿಯೂ ಜೋರಾಗಿ ನಕ್ಕೆವು.

ಭಾನುವಾರ ಬೇಲಿ ಹತ್ತಿರ ಸಿಕ್ಕ ತಾತನಿಗೆ ಇದನ್ನು ಹೇಳಿದರೆ ಆತ ನಗಲಿಲ್ಲ. 1982ರ ಕಾನೂನಿನ ಪಾಠವನ್ನೇ ಶುರು ಮಾಡಿದ. ಕೌನ್ಸಿಲ್ ಬೇಕೆಂದರೆ ಒಂದು ಬೀದಿಯಲ್ಲಿ ವ್ಯಾಪಾರವನ್ನೇ ನಿಷೇಧಿಸಬಹುದು. ಇಲ್ಲವೇ ಅದನ್ನು 'ಕನ್ಸೆಂಟ್' ಬೀದಿ ಅಥವಾ 'ಲೈಸೆನ್ಸ್' ಬೀದಿ ಅಂತ ಗುರುತು ಮಾಡಬಹುದು. ಕನ್ಸೆಂಟನ್ನು ಯಾವಾಗ ಬೇಕಾದರೂ ವಾಪಸ್ ತಗೋಬಹುದು. ಲೈಸೆನ್ಸ್ ಹಾಗಲ್ಲ, ಕಿತ್ತುಕೊಳ್ಳಲು ಕಾರಣ ಕೊಡಬೇಕು, ಕೋರ್ಟಿಗೂ ಹೋಗಬಹುದು. "ನನ್ನದು ಲೈಸೆನ್ಸ್. ಮೂವತ್ತು ವರ್ಷ ಒಂದೇ ಜಾಗ. ಯಾರೂ ಎಬ್ಬಿಸಲಿಲ್ಲ" ಅಂದ. ನಡೆದುಕೊಂಡೇ ಮಾರುವವರಿಗೆ ಬೇರೆಯೇ ಕಾನೂನು, 1871ರದ್ದು. ಪೊಲೀಸರು 12.25 ಪೌಂಡಿಗೆ ಒಂದು ವರ್ಷದ ಚೀಟಿ ಕೊಡುತ್ತಾರೆ. ಆದರೆ ಗಿರಾಕಿ ಬರಲಿ ಅಂತ ಒಂದೇ ಕಡೆ ಠಿಕಾಣಿ ಹೂಡುವಂತಿಲ್ಲ.

ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ ಮಗಳು ಥಟ್ಟನೆ ಕೇಳಿದಳು. "ಅಪ್ಪಾ, ಅಜ್ಜಿ ಹೂ ಮಾರ್ತಿದ್ರಲ್ವಾ? ಅಜ್ಜಿ ಹತ್ರ ಪರ್ಮಿಟ್ ಇತ್ತಾ?"

ಅಮ್ಮ ಮೊದಲು ಬುಟ್ಟಿ ಹೊತ್ತು ಬೀದಿ ಬೀದಿ ಅಲೆಯುತ್ತಿದ್ದಳು. ಆಮೇಲೆ ಮಂಡಿನೋವು ಬಂದು ದೇವಸ್ಥಾನದ ರಸ್ತೆಯ ಫುಟ್‌ಪಾತ್‌ನಲ್ಲಿ ಗೋಣಿಚೀಲ ಹಾಸಿ ಕೂತಳು. ಸೇವಂತಿಗೆ, ಕನಕಾಂಬರ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಅದರ ಮೇಲೆ ನಾಲ್ಕು ಹೂವಿನ ಕೊಸರು. ಬೆಳಗ್ಗೆ ಸುಂಕದವನು ಬಂದು ಎರಡು ರೂಪಾಯಿ ತಗೊಂಡು ಚೀಟಿ ಹರಿದುಕೊಡುತ್ತಿದ್ದ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಚೀಟಿ ಇದ್ದರೂ ಎಬ್ಬಿಸಲು ಮುನ್ಸಿಪಾಲಿಟಿ ಲಾರಿ ಬಂದೇ ಬರುತ್ತಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಬುಟ್ಟಿಯನ್ನು ಹೂವಿನ ಸಮೇತ ಲಾರಿಗೆ ಎಸೆದುಕೊಂಡು ಹೋದರು. ಸಾಲ ತಂದು ಕೊಂಡ ಹೂವು. ಅಪ್ಪ ಆಫೀಸಿನ ಮುಂದೆ ಸಂಜೆವರೆಗೂ ಕೈಮುಗಿದು ನಿಂತಿದ್ದರು, ನಾನೂ ಜೊತೆಗಿದ್ದೆ. ಬುಟ್ಟಿ ವಾಪಸ್ ಬಂತು. ಹೂವು ಬೆಂದ ಸೊಪ್ಪಿನ ಹಾಗೆ ಆಗಿತ್ತು.

ನಮ್ಮಲ್ಲೂ 2014ರಲ್ಲಿ ಬೀದಿ ವ್ಯಾಪಾರಿಗಳ ಕಾನೂನು ಬಂದಿದೆ. ಎಬ್ಬಿಸುವ ಮುಂಚೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಕೊಡಬೇಕು. ಹೂವು ಹಣ್ಣಿನಂಥ ಬೇಗ ಹಾಳಾಗುವ ಮಾಲನ್ನು ಕೇಳಿದ ದಿನವೇ ವಾಪಸ್ ಕೊಡಬೇಕು. ಓದೋಕೆ ಇಲ್ಲಿನದಕ್ಕಿಂತ ಮನುಷ್ಯತ್ವ ಇರುವ ಕಾನೂನು ಅನ್ಸುತ್ತೆ. ಆದರೆ ಊರಿಗೆ ಹೋದಾಗೆಲ್ಲ ನೋಡ್ತೀನಲ್ಲ, ಲಾರಿ ಸದ್ದು ಕೇಳಿದ ತಕ್ಷಣ ಫುಟ್‌ಪಾತ್‌ನವರು ಈಗಲೂ ಗಂಟು ಕಟ್ಟುತ್ತಾರೆ.

ಸಂಜೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಮಗಳೇ ಕೇಳಿದಳು. ಅಮ್ಮ ನಕ್ಕು, "ಯಾವ ಪರ್ಮಿಟ್ಟೂ ಇರ್ಲಿಲ್ಲ ಕಣವ್ವಾ" ಅಂದಳು. ನಾನು ಅರ್ಜಿಯ ಕಥೆ ಹೇಳಿದೆ. 50 ಲಕ್ಷದ ವಿಮೆಗೆ ನಗುತ್ತಾಳೆ ಅಂದುಕೊಂಡಿದ್ದೆ.

"ಜಾಗ ಹೆಸರಿಗೆ ಬರ್ಕೊಡ್ತಾರಾ?" ಅಂದಳು.

"ಹೂಂ. ಲೈಸೆನ್ಸ್ ಆದ್ರೆ."

"ಎಷ್ಟಾಗುತ್ತೆ?"

ರೂಪಾಯಿ ಲೆಕ್ಕದಲ್ಲಿ ಹೇಳಿದೆ. ಲಕ್ಷದ ಮಾತು.

"ಆಮೇಲೆ ಎಬ್ಬಿಸಲ್ವಾ?"

"ಸುಮ್ ಸುಮ್ನೆ ಎಬ್ಬಿಸೋ ಹಾಗಿಲ್ಲ."

ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ತೊಡೆ ಮೇಲಿನ ದಾರ ಸರಿಮಾಡಿಕೊಂಡಳು. ಈಗಲೂ ದೇವರಿಗೆ ಅಂತ ದಿನಾ ಹೂ ಕಟ್ಟುತ್ತಾಳೆ.

"ಹೆಂಗಾದ್ರೂ ಹೊಂದಿಸಿ ಕಟ್ತಿದ್ದೆ ಕಣೋ" ಅಂದಳು.